ಎಲ್ಲರ ಪರವಾಗಿ ಊದಿದವನು

ಎಪ್ಪತ್ತರ ದಶಕದ ಮಾತು. ಕಾಂದಿವಲಿಯಲ್ಲಿ ಕಲ್ಲು ಅರೆದು ಪುಡಿ ಮಾಡುವ ಕಾರ್ಖಾನೆಯೊಂದಕ್ಕೆ ನಾವು ಉಸಿರು ಅಳೆಯುವ ಯಂತ್ರ ಹೊತ್ತುಕೊಂಡು ಹೋಗಿದ್ದೆವು. ಆ ಧೂಳು ಕೆಲಸಗಾರರ ಎದೆಗೆ ಏನು ಮಾಡುತ್ತದೆ ಎಂದು ನಮ್ಮ ಡಾಕ್ಟರರು ಸಂಶೋಧನೆ ಮಾಡುತ್ತಿದ್ದರು; ಎರಡು ವರ್ಷದ ಹಿಂದೆಯೂ ಒಮ್ಮೆ ಬಂದು ಅಳೆದು ಹೋಗಿದ್ದರು. ಕೆಲಸಗಾರರೆಲ್ಲ ಗುಲ್ಬರ್ಗಾ ಕಡೆಯವರು. ಹಾಗಾಗಿ ಕನ್ನಡ ಬಲ್ಲವನೆಂದು ಉಡುಪಿಯವನಾದ ನನ್ನನ್ನು ಯಂತ್ರದ ಪಕ್ಕ ಕೂರಿಸಿದ್ದರು. "ಊದಿ, ಜೋರಾಗಿ ಊದಿ" ಅನ್ನುವುದೇ ನನ್ನ ಕೆಲಸ.

ಬಂದವರೆಲ್ಲ ಸೊಗಸಾಗಿ ಊದಿದರು. ಮುಖಕ್ಕೆಲ್ಲ ಬಿಳಿ ಪುಡಿ ಮೆತ್ತಿತ್ತು. ತಲೆಯ ರುಮಾಲು ನೋಡಿಯೇ ಗುರುತು ಹಿಡಿಯಬೇಕು. ಆದರೆ ಹೆಬ್ಬೆರಳಿಗೆ ಹಸಿರು ಚಿಂದಿ ಕಟ್ಟಿಕೊಂಡಿದ್ದವನು ಬೇರೆ ರುಮಾಲು ಸುತ್ತಿ, ಬೇರೆ ಹೆಸರು ಹೇಳಿ ಮತ್ತೆ ಬಂದು ಕೂತ.

"ನೀನು ಆಗಲೇ ಊದಿದ್ದೆಯಲ್ಲ ಮಾರಾಯ?"

ಅವನು ಮುಚ್ಚಿಡಲಿಲ್ಲ. "ಹೌದ್ರಿ ಸಾಹೇಬ್ರ. ಎಲ್ಲಾರ್ದೂ ನಾನೇ ಊದಾಕತ್ತೀನ್ರಿ. ಅವರು ಊದಿದ್ರ ಕೆಮ್ಮು ಬರ್ತೈತಿ. ಅನ್‌ಫಿಟ್ ಅಂತ ಬರದ್ರ ನೌಕರಿ ಹೋಗ್ತೈತಿ. ನಾ ಹೊಸಬ, ನನಗ ಇನ್ನೂ ದಮ್ ಐತ್ರಿ."

"ಹೋದ ಸಲ ಡಾಕ್ಟರರು ಬಂದಾಗಲೂ ಹೀಗೇ ಮಾಡಿದ್ದಿರಾ?"

"ಆವಾಗ ನಾ ಇರಲಿಲ್ರಿ. ನಮ್ಮಣ್ಣ ಊದಿದ್ದ."

"ಅವನೆಲ್ಲಿ?"

ಬಾಗಿಲ ಕಡೆ ಕೈ ತೋರಿಸಿದ. ಅಲ್ಲೊಬ್ಬ ಗೋಡೆಗೆ ಒರಗಿ ಏದುಸಿರು ಬಿಡುತ್ತ ಕೂತಿದ್ದ.

"ಈಗ ನಾ ಊದೂದು ಅವನ ಹೆಸರೀಲೆ ರೀ."

ಕೊಳವೆ ನನ್ನ ಕೈಯಲ್ಲೇ ಉಳಿಯಿತು. ಈ ಧೂಳಿನಿಂದ ಯಾರಿಗೂ ತೊಂದರೆಯಿಲ್ಲ ಎಂದು ಹೋದ ಸಲ ನಮ್ಮ ಡಾಕ್ಟರರು ಬರೆದುಕೊಟ್ಟಿದ್ದರು. ಅದನ್ನು ತೋರಿಸಿ ಮಾಲೀಕರು ಮೂಗಿಗೆ ಕಟ್ಟುವ ಬಟ್ಟೆಯನ್ನೂ ಕೊಟ್ಟಿರಲಿಲ್ಲ. ಡಾಕ್ಟರರು ಸುಳ್ಳೇನೂ ಬರೆದಿರಲಿಲ್ಲ ಬಿಡಿ. ಅವರು ಅಳೆದ ಆ ಒಂದು ಎದೆ ಆಗ ಚೆನ್ನಾಗಿಯೇ ಇತ್ತು.