ಪರದೆ ಎಲ್ಲಿತ್ತು?

ಕಾರವಾರದ ಆಸ್ಪತ್ರೆಯೊಂದರ ಹೆಂಗಸರ ವಾರ್ಡಿನಿಂದ ನಾವಿಬ್ಬರು ರೋಗಿಗಳು ಮನೆಗೆ ಹೊರಟ ದಿನ, ರೋಗಿಗಳ ಅಭಿಪ್ರಾಯ ಕೇಳುವ ಫಾರಂ ಹಿಡಿದು ನರ್ಸ್ ಬಂದಳು. ಪ್ರತಿ ಪ್ರಶ್ನೆಯ ಎದುರೂ 'ಉತ್ತಮ' ಎಂದು ಮೊದಲೇ ಗುರುತು ಹಾಕಿತ್ತು. ನಾನು ಸುಮ್ಮನೆ ಸಹಿ ಮಾಡಿ ಕೊಟ್ಟೆ. ಪಕ್ಕದ ಮಂಚದ ರಾಮನಗುಳಿಯ ಅಜ್ಜಿ ಮಾತ್ರ ಹೆಬ್ಬೆರಳಿಗೆ ಶಾಯಿ ಹಚ್ಚಿದ ಮೇಲೂ ಕೈ ಚಾಚಲಿಲ್ಲ.

"ಎಂತ ಬರ್ದದೆ, ಓದು ತಂಗಿ."

ನರ್ಸ್ ಓದಿದಳು: "ತಪಾಸಣೆ ವೇಳೆ ಪರದೆಯ ವ್ಯವಸ್ಥೆ, ಉತ್ತಮ."

"ಪರದೆ ಎಲ್ಲಿತ್ತು? ಎಲ್ಲರ ಎದ್ರಿಗೇ ನನ್ನ ಸೀರೆ ಸರಿಸಿದ್ರಲಾ. ಇಲ್ಲ ಅಂತ ಬರಿ."

"ಮೇಲಿನವ್ರು ನಂಗೆ ಬೈತಾರೆ ಅಜ್ಜಿ."

"ಬೈಲಿ. ಹೆಬ್ಬೆಟ್ಟು ನಂದು."

ನರ್ಸ್ 'ಉತ್ತಮ'ವನ್ನು ಹೊಡೆದು 'ಇಲ್ಲ' ಎಂದು ಬರೆದಳು. ಆಮೇಲೆಯೇ ಅಜ್ಜಿ ಹೆಬ್ಬೆಟ್ಟು ಒತ್ತಿದ್ದು.

ನಾನು ನನ್ನ ಫಾರಂ ವಾಪಸ್ ಕೇಳಿದೆ. ಚಿಕ್ಕಂದಿನಲ್ಲಿ ಕಾನ್ವೆಂಟ್ ಶಾಲೆಯ ಸಿಸ್ಟರ್ ತಿದ್ದಿಸಿದ ದುಂಡು ಅಕ್ಷರದಲ್ಲಿ, 'ನನಗೂ ಪರದೆ ಇರಲಿಲ್ಲ' ಎಂದು ಬರೆದುಕೊಟ್ಟೆ.