ಬಾಗಿಲ ಹಿಂದಿನ ನಕ್ಷೆ

ನಾವು ಜಪಾನಿನ ಉರಯಾಸು ಊರಿಗೆ ಬಂದ ಆರನೇ ವರ್ಷ ಅದು. ನನ್ನ ರೆಸಿಡೆನ್ಸ್ ಕಾರ್ಡಿನಲ್ಲಿ ‘ಡಿಪೆಂಡೆಂಟ್’ ಎಂದು ಬರೆದಿದೆ. ಆದರೆ ಅಡುಗೆ, ಬಟ್ಟೆ, ಮಗಳ ಸ್ಕೂಲು, ರಜೆಯ ಟಿಕೆಟ್ಟು ಎಲ್ಲವೂ ನನ್ನ ಖಾತೆಯೇ. ಗೃಹಿಣಿಯ ಕೆಲಸಕ್ಕೆ ನಿವೃತ್ತಿ ಇಲ್ಲ, ಆಮೇಲೆ ಬಿಡುವಾಗಿ ಬರೆಯೋಣ ಅನ್ನುವಂತಿಲ್ಲ. ಹಾಗಾಗಿ ಮರೆಯುವ ಮೊದಲೇ ಈ ಪ್ರಸಂಗವನ್ನು ಬರೆದಿಡುತ್ತಿದ್ದೇನೆ.

ಆ ಆಗಸ್ಟಿನಲ್ಲಿ ದೇವರ ದಯೆಯಿಂದ ನಮ್ಮ ಯಜಮಾನರಿಗೆ ಉದ್ದ ರಜೆ ಸಿಕ್ಕಿತು. “ಗ್ರೀಸಿನ ಯಾವುದಾದ್ರೂ ದ್ವೀಪಕ್ಕೆ ಹೋಗೋಣ. ನಿಧಿ ಮತ್ತೆ ನೀರಿಗಿಳೀಲಿ,” ಅಂದರು. ನಿಧಿ ನಮ್ಮ ಮಗಳು, ಹನ್ನೊಂದು ವರ್ಷ. ಮೀನಿನ ಹಾಗೆ ಈಜುತ್ತಿದ್ದವಳು. ಅದಕ್ಕೂ ಕೆಲವು ತಿಂಗಳ ಮೊದಲು ಒಂದು ದಿನ ಟಿವಿಯಲ್ಲಿ ಸುನಾಮಿ ಎಚ್ಚರಿಕೆ ಬಂತು. ಸುದ್ದಿ ಓದುವಾಕೆ ಓಡಿ, ಈಗಲೇ ಓಡಿ ಎಂದು ಕೂಗುತ್ತಿದ್ದಳು. ಎಚ್ಚರಿಕೆ ಇದ್ದದ್ದು ನಮ್ಮಿಂದ ಬಹಳ ದೂರದ ಕರಾವಳಿಗೆ. ಆದರೆ ಅಂದಿನಿಂದ ನಿಧಿ ದಿಂಬಿನ ಪಕ್ಕ ಶೂ ಇಟ್ಟುಕೊಂಡೇ ಮಲಗತೊಡಗಿದಳು. ಮನೆಯ ಹತ್ತಿರವೇ ಇರುವ ಸಮುದ್ರದ ಕಡೆ ತಿರುಗಿಯೂ ನೋಡಲಿಲ್ಲ. ಸ್ಕೂಲಿನವರು ಕಡಲತೀರಕ್ಕೆ ಹೊರಟ ದಿನ ಹೊಟ್ಟೆನೋವೆಂದು ಉಳಿದುಬಿಟ್ಟಳು. “ದೇವರಿದ್ದಾನೆ ಪುಟ್ಟಾ, ಏನೂ ಆಗಲ್ಲ,” ಎಂದು ನಾನು ಹೇಳಿದ್ದಕ್ಕೆ ಲೆಕ್ಕವಿಲ್ಲ.

ಹುಡುಕಿ ಹುಡುಕಿ, ತೀರದಲ್ಲೇ ಒಂದು ಪುಟ್ಟ ವಸತಿಗೃಹ ನೋಡಿದೆ. ನಡೆಸುವಾಕೆ ಎಲೆನಿ ಎಂಬ ಅಜ್ಜಿ. ವೆಜಿಟೇರಿಯನ್ ಅಂದರೆ ಮೀನೂ ಬೇಡ ಎಂಬುದು ಅವರಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಜಪಾನಿನಲ್ಲಿ ಇಷ್ಟು ವರ್ಷ ಕಳೆದ ನನಗೆ ಅದೇ ದೊಡ್ಡ ಅನುಗ್ರಹ. ಕೋಣೆಯ ಫೋಟೋಗಳನ್ನು ನಿಧಿಗೆ ತೋರಿಸಿದೆ.

“ಡೋರ್ ಹಿಂದಿನ ಫೋಟೋ ಎಲ್ಲಿ?” ಅಂದಳು.

ಜಪಾನಿನ ಹೋಟೆಲ್ ಕೋಣೆಗಳಲ್ಲಿ, ಅಪಾಯ ಬಂದರೆ ಎತ್ತ ಓಡಬೇಕೆಂಬ ನಕ್ಷೆ ಬಾಗಿಲ ಹಿಂದೆ ಅಂಟಿಸಿರುತ್ತಾರೆ. ನಿಧಿ ಯಾವ ಹೋಟೆಲಿಗೆ ಹೋದರೂ ಚಪ್ಪಲಿ ಬಿಟ್ಟ ಕೂಡಲೇ ಅದನ್ನು ಓದುತ್ತಾಳೆ.

“ಅದು ಜಪಾನ್ ಅಲ್ಲ ಕಣೇ,” ಅಂದರು ಯಜಮಾನರು.

“ಅಲ್ಲೂ ಜಿಶಿನ್ ಆಗತ್ತೆ ಪಪ್ಪಾ. ಐ ಚೆಕ್ಡ್.”

ಜಿಶಿನ್ ಅಂದರೆ ಭೂಕಂಪ. ಅವಳು ಹೇಳಿದ್ದು ನಿಜವೇ.

ಸಂಕೋಚದಿಂದಲೇ ಎಲೆನಿಗೆ ಮೆಸೇಜ್ ಹಾಕಿದೆ: ದಯವಿಟ್ಟು ಬಾಗಿಲ ಹಿಂಭಾಗದ ಫೋಟೋ ಕಳಿಸಿ. ಬಂತು. ನೀಲಿ ಬಾಗಿಲು, ಒಂದು ಮೊಳೆ, ಮೊಳೆಗೊಂದು ಟವೆಲ್. ಕೆಳಗೆ, ಟವೆಲ್ ಇನ್ನೂ ಬೇಕಿತ್ತಾ ಎಂಬ ಪ್ರಶ್ನೆ.

ನಿಧಿ ನಗಲಿಲ್ಲ. “ನೀವಿಬ್ರೂ ಹೋಗ್ಬನ್ನಿ. ನಾನು ಬರಲ್ಲ,” ಅಂದಳು. ಸಿಟ್ಟಿರಲಿಲ್ಲ, ದೊಡ್ಡವರ ಹಾಗೆ ಸಮಾಧಾನವಾಗಿ ಹೇಳಿದಳು. ಅದರಿಂದಲೇ ನನಗೆ ಹೆಚ್ಚು ನೋವಾಯಿತು. ದೀಪ ಹಚ್ಚಿ ದೇವರ ಮುಂದೆ ಸ್ವಲ್ಪ ಹೊತ್ತು ಕೂತೆ. ಆಮೇಲೆ ಎಲೆನಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ.

ಉತ್ತರವಾಗಿ ವಿಡಿಯೋ ಬಂತು. ಎಲೆನಿ ಫೋನ್ ಹಿಡಿದು ಗೇಟಿನಿಂದ ಹೊರಟು, ಕಲ್ಲುಮೆಟ್ಟಿಲು ಹತ್ತಿ, ಗುಡ್ಡದ ಮೇಲಿನ ಚರ್ಚಿಗೆ ಹೋಗುವ ದಾರಿ ತೋರಿಸುತ್ತಿದ್ದರು. ಅಡ್ಡ ನಿಂತ ಮೇಕೆಯನ್ನು ಗ್ರೀಕಿನಲ್ಲಿ ಬೈದರು. ನಡುನಡುವೆ ನಿಂತು ಏದುಸಿರು ಬಿಟ್ಟರು. ಮೇಲೆ ತಲುಪಿ, ಇದೇ ನಿನ್ನ ನಕ್ಷೆ ಮಗೂ ಎಂದು ಹರಕು ಇಂಗ್ಲಿಷಿನಲ್ಲಿ ಹೇಳಿ, ಶಿಲುಬೆಯ ಗುರುತು ಮಾಡಿಕೊಂಡರು.

“ಅಜ್ಜಿ ಹತ್ತೋ ಹೊತ್ತಿಗೆ ಅಲೆ ಬಂದು ವಾಪಸ್ಸೂ ಹೋಗಿರತ್ತೆ,” ಅಂದರು ಯಜಮಾನರು. ನಾನು ದುರುಗುಟ್ಟಿ ನೋಡಿದೆ.

ನಿಧಿ ವಿಡಿಯೋವನ್ನು ಮತ್ತೆ ಹಾಕಿದಳು. “ಅಮ್ಮಾ, ಶೀ ಈಸ್ ಸೋ ಸ್ಲೋ. ಅವ್ರ ಕೈ ಯಾರು ಹಿಡ್ಕೋತಾರೆ?”

ಅವಳ ಸ್ಕೂಲಿನ ಸುನಾಮಿ ಡ್ರಿಲ್‌ನಲ್ಲಿ ದೊಡ್ಡ ಕ್ಲಾಸಿನವರು ಚಿಕ್ಕವರ ಕೈ ಹಿಡಿದು ಎತ್ತರದ ಜಾಗಕ್ಕೆ ನಡೆಸಬೇಕು. ಆ ವರ್ಷ ನಿಧಿಗೂ ಒಂದು ಪುಟ್ಟ ಕೈ ಒಪ್ಪಿಸಿದ್ದರು.

“ಯಾರೂ ಇಲ್ಲ ಅನ್ಸತ್ತೆ,” ಅಂದೆ.

ನಿಧಿ ವಿಡಿಯೋ ನಿಲ್ಲಿಸಿದಳು. “ಹಾಗಾದ್ರೆ ನಾನು ಬರ್ತೀನಿ.”

ದ್ವೀಪ ತಲುಪಿದ ದಿನ, ಸೂಟ್‌ಕೇಸ್ ತೆರೆಯುವ ಮೊದಲೇ ನಿಧಿ ಎಲೆನಿಯ ಕೈ ಹಿಡಿದು ಗುಡ್ಡ ಹತ್ತಿದಳು. ಹಿಂದೆ ನಾವು. ಚರ್ಚಿನಲ್ಲಿ ಎಲೆನಿ ಮೇಣದಬತ್ತಿ ಹಚ್ಚಿದರು. ನಾನು ಚಪ್ಪಲಿ ಬಿಟ್ಟು ಕೈ ಮುಗಿದೆ. ನಿಧಿ ಹೊರಗೆ ಕಟ್ಟೆಯ ಮೇಲೆ ಕೂತು ಸಮುದ್ರವನ್ನೇ ನೋಡುತ್ತಿದ್ದಳು. ಆಮೇಲೆ “ಇಳಿಯೋಣ,” ಅಂದಳು. ಆ ಸಂಜೆ ಮೊಣಕಾಲವರೆಗೆ ನೀರಿಗೆ ಹೋದಳು. ಅಷ್ಟೇ. ನನಗೆ ಅಷ್ಟು ಸಾಕಿತ್ತು.

‘ಏನೂ ಆಗಲ್ಲ’ ಅನ್ನುವ ಅಧಿಕಾರ ದೇವರದ್ದು. ಎತ್ತ ಹತ್ತಬೇಕೆಂದು ತೋರಿಸುವುದು ನನ್ನ ಪಾಲಿನ ಕೆಲಸ. ನಿಧಿಯ ದಿಂಬಿನ ಪಕ್ಕ ಈಗಲೂ ಶೂ ಇರುತ್ತದೆ. ತೆಗಿ ಅನ್ನುವುದನ್ನು ಬಿಟ್ಟಿದ್ದೇನೆ. ಮಲಗುವ ಮೊದಲು ಅದರ ಪಕ್ಕ ನನ್ನದೂ ಒಂದು ಜೊತೆ ಇಡುತ್ತೇನೆ.