ಖಾಲಿ ಮೈದಾನಕ್ಕೆ ನಮ್ಮ ಮಂಗನ ಡಬ್ಬಿ

ಮನುಷ್ಯನ ಬಲವೆಲ್ಲ ಅವನ ಬೆನ್ನಹಿಂದಿನ ಜನರಲ್ಲಿದೆ. ಈ ಮಹಾತತ್ತ್ವವನ್ನು ನಾನು ಕಲಿತದ್ದು ಮಂಗ ಓಡಿಸುವ ತಗಡಿನ ಡಬ್ಬಿಯಿಂದ.

ಕೊರೊನಾ ವರ್ಷ, ಭಂಡಿಗಡಿಯ ನಮ್ಮ ಮನೆಯ ಟಿವಿಯಲ್ಲಿ ವಿದೇಶಿ ಫುಟ್‌ಬಾಲ್ ಬರುತ್ತಿತ್ತು. ಮೈದಾನ ಖಾಲಿಯಾದರೇನು, ತವರಿನ ತಂಡವೇ ಗೆಲ್ಲುತ್ತದೆಂದು ಭಾವ ತಮ್ಮ ಮೀಸೆಯನ್ನೇ ಪಣಕ್ಕಿಟ್ಟಿದ್ದರು. ಅರ್ಧ ಆಟಕ್ಕೆ ಆ ತಂಡ ಒಂದು ಗೋಲು ಹಿಂದಿತ್ತು.

“ಕೂಗೋರಿಲ್ದೆ ಸೋಲ್ತಿದಾರೆ ಮಾರಾಯ, ಡಬ್ಬಿ ತಗೊಂಬಾ!” ಎಂದರು ಭಾವ. ನಾನು ಬಡಿದೆ, ಅವರು ಕುಣಿದು ಕೂಗಿದರು.

ತೋಟಕ್ಕೆ ಮಂಗ ನುಗ್ಗಿತೆಂದು ನೆರೆಮನೆಯವರು ಕವಣೆ, ನಾಯಿ ಸಮೇತ ಓಡಿಬಂದರು.

“ಎಲ್ಲಿ ಮಂಗ?”

ನಾನು ಭಾವನನ್ನು ತೋರಿಸಿದೆ. ವಿಷಯ ತಿಳಿದು ಅವರೂ ಕೂತು ಕೂಗಿದರು, ನಾಯಿಯೂ ದನಿಗೂಡಿಸಿತು.

ತವರಿನ ತಂಡ ಎರಡು ಗೋಲುಗಳಿಂದ ಸೋತಿತು. ಮರುದಿನ ಬೆಳಿಗ್ಗೆ ಭಾವ ಮೀಸೆ ಬೋಳಿಸಿಕೊಂಡರು.